ಏರ್ ರೈಫಲ್ ಗುರಿ ಸುಧಾರಿಸಬೇಕಾ? ಪೆಲೆಟ್, ಸೈಟ್, ಜಾಕೆಟ್, ಹೊಸ ರೈಫಲ್: ಮೊದಲ ದುಡ್ಡು ಯಾವುದಕ್ಕೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರಲ್ಲ, ಆಮೇಲೆ ಪುಣೆಯ ನಮ್ಮ ಕನ್ನಡದ ಮನೆಗಳಲ್ಲೂ ಈ ಮಾತು ಜಾಸ್ತಿ ಕೇಳಿಸುತ್ತಿದೆ. "ಮಗಳು ಬಾಲೆವಾಡಿ ಶೂಟಿಂಗ್ ರೇಂಜಿಗೆ ಹೋಗ್ತಾಳೆ ಸರ್, ಕ್ಲಬ್ಬಿನ ರೈಫಲ್‌ನಲ್ಲಿ ಸ್ಕೋರ್ ನಿಂತುಬಿಟ್ಟಿದೆ, ಹೊಸದು ತಗೊಳ್ಳೋಣ್ವಾ?" ಡೊಂಬಿವಲಿಯಿಂದ ವರ್ಳಿ ರೇಂಜಿಗೆ ಲೋಕಲ್ ಹಿಡಿದು ಹೋಗುವವರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಹೆಚ್ಚಿನ ಸಲ ಒಂದೇ: ಈಗಲೇ ಬೇಡ. ಯಾಕೆ ಬೇಡ, ಹಾಗಾದರೆ ಏನು ಬೇಕು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾತು 10 ಮೀಟರ್ ಏರ್ ರೈಫಲ್ ಬಗ್ಗೆ, .177 ಅಂದರೆ 4.5 ಮಿ.ಮೀ. ಪೆಲೆಟ್. ಊರಿನ ತೋಟದ ಮನೆಯಲ್ಲಿ ಕೇಪಿನ ಕೋವಿ ನೋಡಿ ಬೆಳೆದವರಿಗೆ ಇದು ಆಟಿಕೆ ಅನ್ನಿಸಬಹುದು. ಆದರೆ ಆ ಕೋವಿಗೆ ಮದ್ದು ಎಷ್ಟು, ಗುಂಡು ಎಷ್ಟು ಬಿಗಿ ಕೂರಬೇಕು ಅಂತ ಅಜ್ಜ ಲೆಕ್ಕ ಇಡುತ್ತಿದ್ದರಲ್ಲ, ಇಲ್ಲೂ ಅದೇ ಕಥೆ. ಪ್ರತಿ ಹೊಡೆತವೂ ಹಿಂದಿನದರ ಹಾಗೇ ಇರಬೇಕು, ಅಷ್ಟೆ.

ಕಾನೂನಿನ ವಿಷಯ ಎರಡೇ ಮಾತಿನಲ್ಲಿ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಒಳಗಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ಮ್ಯಾಚ್ ಅಂದರೆ ಸ್ಪರ್ಧೆಯ ರೈಫಲ್‌ಗಳು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಇನ್ನು ಗಿಳಿ, ಅಳಿಲು ಅಂತ ಹೊಡೆಯೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಆ ಆಸೆ ಇರುವವರಿಗೆ ಈ ಬರಹ ಅಲ್ಲ.

ಮೊದಲು ಮಿಲಿಮೀಟರ್ ಲೆಕ್ಕ

ಟಾರ್ಗೆಟ್‌ನ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಪೆಲೆಟ್‌ನ ಅಂಚು ಅದಕ್ಕೆ ತಾಗಿದರೂ ಹತ್ತು. ಅಂದರೆ ತೂತಿನ ನಡು, ಟಾರ್ಗೆಟ್‌ನ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಸಾಕು. ಅಲ್ಲಿಂದಾಚೆ ಪ್ರತಿ 2.5 ಮಿ.ಮೀ.ಗೆ ಒಂದು ಅಂಕ ಹೋಗುತ್ತದೆ. ಈಗ ದಶಮಾಂಶದಲ್ಲಿ ಅಂಕ ಕೊಡುತ್ತಾರಲ್ಲ, ಅದರಲ್ಲಿ 0.25 ಮಿ.ಮೀ.ಗೆ 0.1 ಅಂಕ. ಒಂದು ಹೊಡೆತಕ್ಕೆ ಗರಿಷ್ಠ 10.9, 60 ಹೊಡೆತಕ್ಕೆ 654.

ಇದರಿಂದ ಒಂದು ಉಪಯೋಗದ ಅಳತೆ ಸಿಗುತ್ತದೆ. ರೈಫಲನ್ನು ವೈಸ್‌ನಲ್ಲಿ (ಅಲುಗದಂತೆ ಹಿಡಿಯುವ ಮೇಜಿನ ಇಕ್ಕಳ) ಬಿಗಿದು ಹತ್ತು ಪೆಲೆಟ್ ಹೊಡೆಯಿರಿ. ಎಲ್ಲಾ ಸೇರಿ ಆದ ತೂತು ಹೊರ ಅಂಚಿನಿಂದ ಹೊರ ಅಂಚಿಗೆ 9.5 ಮಿ.ಮೀ. ಒಳಗಿದ್ದರೆ ಆ ರೈಫಲ್ ತನ್ನ ಪಾಲಿನ ಕೆಲಸ ಮಾಡಿದೆ, ಹತ್ತಕ್ಕೆ ಹತ್ತು ಹೊಡೆಯುವ ಶಕ್ತಿ ಅದಕ್ಕಿದೆ. ಉಳಿದದ್ದು ನಿಂತವರ ಪಾಲು.

ಈ ಎರಡು ಪಾಲು ನೇರವಾಗಿ ಕೂಡುವುದಿಲ್ಲ, ಎಲ್ಲರೂ ಎಡವೋದು ಇಲ್ಲೇ. ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ ಹೆಚ್ಚುಕಡಿಮೆ ಸರಿಯಾದ ಉತ್ತರ ಬರುತ್ತದೆ. ಹೈಸ್ಕೂಲಿನ ಪೈಥಾಗೊರಸ್ಸೇ. ಹೊಸಬರೊಬ್ಬರ ಕೈ 20 ಮಿ.ಮೀ. ಚದುರಿಸುತ್ತದೆ, ರೈಫಲ್ 6 ಮಿ.ಮೀ. ಚದುರಿಸುತ್ತದೆ ಅಂದುಕೊಳ್ಳಿ (ತೂತಿನ ನಡುವಿನಿಂದ ನಡುವಿಗೆ). ಒಟ್ಟು 26 ಅಲ್ಲ, 20.9. ಈಗ ಲಕ್ಷಗಟ್ಟಲೆ ಕೊಟ್ಟು 3 ಮಿ.ಮೀ. ಚದುರಿಸುವ ರೈಫಲ್ ತಂದರೆ ಒಟ್ಟು 20.2. ಅಷ್ಟು ದುಡ್ಡಿಗೆ ಸಿಕ್ಕಿದ್ದು 0.7 ಮಿ.ಮೀ. ಅದೇ ಹಳೆ ರೈಫಲ್ ಇಟ್ಟುಕೊಂಡು ಕೈಯನ್ನು 20ರಿಂದ 15ಕ್ಕೆ ತಂದರೆ ಒಟ್ಟು 16.2ಕ್ಕೆ ಇಳಿಯುತ್ತದೆ. ಆದರೆ ಚೆನ್ನಾಗಿ ಪಳಗಿದವರ ಕೈ 6 ಮಿ.ಮೀ.ಗೆ ಬಂದಿದ್ದರೆ ಲೆಕ್ಕವೇ ಬೇರೆ: 6 ಮತ್ತು 6 ಸೇರಿ 8.5, ರೈಫಲನ್ನು 3ಕ್ಕೆ ಇಳಿಸಿದರೆ 6.7. ಅವರಿಗೆ ರೈಫಲ್, ಪೆಲೆಟ್ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಚದುರುವಿಕೆಯಲ್ಲಿ ಯಾರ ಪಾಲು ದೊಡ್ಡದೋ ಅಲ್ಲಿ ದುಡ್ಡು ಹಾಕಿ. ನಾನು ಮುಂದೆ ಹೇಳುವ ಎಲ್ಲ ಹೋಲಿಕೆಗೂ ಇದೇ ಬುನಾದಿ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಪರೀಕ್ಷೆ. ಒಂದು ಟಾರ್ಗೆಟ್ ನಿಂತು ಹೊಡೆಯಿರಿ, ಇನ್ನೊಂದು ಟಾರ್ಗೆಟ್ ಮೇಜಿನ ಮೇಲೆ ಮೆತ್ತನೆ ಚೀಲ ಇಟ್ಟು, ಕೂತು ಹೊಡೆಯಿರಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, 4.5 ಕಳೆದು ಬರೆದಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಅಲ್ಲೇ ಕಾಣುತ್ತದೆ.

ದುಡ್ಡೇ ಬೇಡದ ರಿಪೇರಿ

ಸ್ಪ್ರಿಂಗ್ ರೈಫಲ್ (ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುವಂಥದ್ದು) ಇದ್ದವರು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬ್ಯಾರೆಲ್ ಮಡಚಿ ಲೋಡ್ ಮಾಡುವ ಮಾಮೂಲಿ ರೈಫಲ್‌ನಲ್ಲಿ ಮರದ ಸ್ಟಾಕ್ (ಕೈ, ಹೆಗಲು, ಕೆನ್ನೆ ತಾಗುವ ಭಾಗ) ಹಿಡಿದಿರುವ ಸ್ಕ್ರೂಗಳು ಹೊಡೆತದ ಅದುರಿಗೆ ಸಡಿಲಾಗುತ್ತಲೇ ಇರುತ್ತವೆ. ಪ್ರಾಕ್ಟೀಸಿಗೆ ಮುಂಚೆ ಒಮ್ಮೆ ಬಿಗಿ ನೋಡಿ. ಗುಂಪು, ಅಂದರೆ ತೂತುಗಳೆಲ್ಲ ಸೇರಿ ಹರಡಿದ ಅಗಲ, ಇದ್ದಕ್ಕಿದ್ದ ಹಾಗೆ ದೊಡ್ಡದಾದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಎರಡನೆಯದು, ಬ್ಯಾರೆಲ್ ಮಡಚುವ ಜಾಗದ ಸೀಲ್. ಆ ಸಂದಿನ ಮೇಲೆ ತೆಳು ಟಿಶ್ಯೂ ಪೇಪರ್ ತುಂಡು ಇಟ್ಟು ಹೊಡೆಯಿರಿ, ಪೇಪರ್ ಹಾರಿದರೆ ಗಾಳಿ ಅಲ್ಲಿ ಸೋರುತ್ತಿದೆ. ಆ ರಬ್ಬರ್ ರಿಂಗ್‌ಗೆ ಹೆಚ್ಚೇನೂ ಖರ್ಚಿಲ್ಲ, ಆದರೆ ಅದು ಸೋರಿದರೆ ಪ್ರತಿ ಹೊಡೆತದ ವೇಗ ಒಂದೊಂದು ಥರ. ಮೂರನೆಯದು ಬ್ಯಾರೆಲ್ ಬಾಯಿ. ಅಲ್ಲಿ ಗಾಯ, ಕಚ್ಚು ಇದ್ದರೆ ಪೆಲೆಟ್ ಹೊರಬರುವಾಗ ಗಾಳಿ ಒಂದು ಕಡೆ ಜಾಸ್ತಿ ತಳ್ಳುತ್ತದೆ.

ಹಿಡಿತವೂ ಇಲ್ಲೇ ಬರುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದ ಮೇಲೆ ಒಳಗೆ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದೆ ಸರಿಯುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮತ್ತೆ ಮುಂದೆ ಜಗ್ಗುತ್ತದೆ, ಪೆಲೆಟ್ ಇನ್ನೂ ಬ್ಯಾರೆಲ್ ಬಿಡುವ ಮೊದಲೇ ಇಷ್ಟು ಕುಣಿತ ಶುರುವಾಗಿರುತ್ತದೆ. ಗಟ್ಟಿ ಹಿಡಿದರೆ ಕುಣಿತ ನಿಲ್ಲಲ್ಲ, ಪ್ರತಿಸಲ ಬೇರೆ ಬೇರೆ ಥರ ಆಗುತ್ತದೆ ಅಷ್ಟೆ. ಸಡಿಲವಾಗಿ, ಯಾವಾಗಲೂ ಅದೇ ಜಾಗದಲ್ಲಿ ಹಿಡಿದರೆ ಕುಣಿತವೂ ಅದೇ ಥರ ಇರುತ್ತದೆ.

ಪೆಲೆಟ್: ಯಾವುದು, ಎಷ್ಟರದು

10 ಮೀಟರ್‌ಗೆ ಮೂತಿ ಚಪ್ಪಟೆ ಇರುವ ಪೆಲೆಟ್ಟೇ ಸರಿ. ಪೇಪರ್‌ನಲ್ಲಿ ಪಂಚ್ ಹೊಡೆದಂತೆ ದುಂಡು ತೂತು ಬೀಳುತ್ತದೆ, ಅಂಕ ಎಣಿಸೋದು ಸುಲಭ. ಗುಂಡು ಮೂತಿಯದು 25 ಮೀಟರ್ ಮತ್ತು ಆಚೆಗೆ ಮೇಲು, ಗಾಳಿ ಚೆನ್ನಾಗಿ ಸೀಳುತ್ತದೆ. ಚೂಪು ಮೂತಿಯದು ನೋಡೋಕೆ ಚೆಂದ, ಗುರಿಗೆ ಅದರಿಂದ ಏನೂ ಲಾಭವಿಲ್ಲ.

ಅಗ್ಗದ ಡಬ್ಬಿ ಮತ್ತು ಮ್ಯಾಚ್ ಡಬ್ಬಿ ನಡುವೆ ವ್ಯತ್ಯಾಸ ಇದೆಯಾ? ಇದೆ, ಚೆನ್ನಾಗೇ ಇದೆ. ಅಗ್ಗದ್ದರಲ್ಲಿ ತೂಕ ಏರುಪೇರು, ಕೆಲವಕ್ಕೆ ಸ್ಕರ್ಟ್ (ಪೆಲೆಟ್‌ನ ಹಿಂಬದಿಯ ಟೊಳ್ಳು ಭಾಗ) ಸೊಟ್ಟಗಾಗಿರುತ್ತದೆ. ಆರ್‌ಡಬ್ಲ್ಯುಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಥರದವು ರೈಫಲ್‌ಗೆ 0.53 ಗ್ರಾಂ ತೂಕದಲ್ಲಿ ಬರುತ್ತವೆ, ಒಂದರ ಹಾಗೆ ಇನ್ನೊಂದು. ಅಗ್ಗದ ಡಬ್ಬಿ ತಂದು ಚಿನ್ನದಂಗಡಿ ತಕ್ಕಡಿಯಲ್ಲಿ ಒಂದೊಂದೇ ತೂಗಿ ಬೇರ್ಪಡಿಸುವವರಿದ್ದಾರೆ. ತೂಕ ಸರಿಯಾದರೂ ಆಕಾರ ಸರಿಯಾಗಲ್ಲವಲ್ಲ. ಆ ಸಂಜೆಯನ್ನು ಪ್ರಾಕ್ಟೀಸಿಗೆ ಕೊಡಿ. ನನ್ನ ಸಲಹೆ ನಡುವಿನ ದಾರಿ: ಕಲಿಯುವಾಗ ಬ್ರಾಂಡೆಡ್ ಕಂಪನಿಯದೇ ಕಡಿಮೆ ದರದ ಪ್ರಾಕ್ಟೀಸ್ ಪೆಲೆಟ್, ಸ್ಪರ್ಧೆಗೆ ಮ್ಯಾಚ್ ಪೆಲೆಟ್, ಮತ್ತು ಸ್ಪರ್ಧೆಗೆ ಮುಂಚೆ ಸ್ವಲ್ಪ ದಿನ ಮ್ಯಾಚ್ ಪೆಲೆಟ್‌ನಲ್ಲೇ ಅಭ್ಯಾಸ.

ಡಬ್ಬಿ ಮೇಲೆ 4.49, 4.50, 4.51 ಅಂತ ತಲೆಯ ಅಳತೆ ಇರುತ್ತದೆ. ಯಾವುದು ಒಳ್ಳೆಯದು ಅಂತ ಯಾರನ್ನೂ ಕೇಳಬೇಡಿ, ನಿಮ್ಮ ಬ್ಯಾರೆಲನ್ನು ಕೇಳಿ. ಕ್ಲಬ್ಬಿನಲ್ಲಿ ಗೆಳೆಯರಿಂದ ಒಂದೊಂದು ಅಳತೆಯ ಒಂದಿಷ್ಟು ಪೆಲೆಟ್ ಇಸ್ಕೊಂಡು, ರೈಫಲ್ ವೈಸ್‌ನಲ್ಲಿ ಬಿಗಿದು, ಪ್ರತಿ ಅಳತೆಗೂ ಹತ್ತು ಹತ್ತು ಹೊಡೆದು ನೋಡಿ. ಹೊಸ ಪೆಲೆಟ್‌ಗೆ ಬದಲಾದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ಇಡಬೇಡಿ, ಬ್ಯಾರೆಲ್‌ಗೆ ಹೊಸ ಸೀಸ ಒಗ್ಗಬೇಕು. ಐದೇ ಹೊಡೆತದ ಗುಂಪು ನೋಡಿ ಕುಣಿಯಬೇಡಿ, ಅದೃಷ್ಟಕ್ಕೂ ಐದು ಒಂದೇ ಕಡೆ ಬೀಳುತ್ತವೆ. ಒಳ್ಳೆಯದು ಸಿಕ್ಕಿದರೆ ಡಬ್ಬಿಯ ಲಾಟ್ ನಂಬರ್ ನೋಡಿ, ಅದೇ ಲಾಟ್ ಒಂದಿಷ್ಟು ಜಾಸ್ತಿ ತೆಗೆದಿಟ್ಟುಕೊಳ್ಳಿ. ಹೊಡೆದಾದ ಮೇಲೆ ಕೈ ಸೋಪು ಹಾಕಿ ತೊಳೆಯದೆ ವಡಾಪಾವ್ ಮುಟ್ಟಬೇಡಿ, ಅದು ಸೀಸ.

ಸೈಟ್: ಓಪನ್, ಪೀಪ್, ಸ್ಕೋಪ್

ಸೈಟ್ ಅಂದರೆ ರೈಫಲ್ ಮೇಲೆ ಗುರಿ ನೋಡುವ ಸಾಧನ. ಇಲ್ಲಿ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ಕಲಿಯುವವರಿಗೆ ದುಡ್ಡಿನ ಬೆಲೆ ಜಾಸ್ತಿ ಸಿಗೋದು ಪೀಪ್ ಸೈಟ್‌ನಲ್ಲಿ. ಓಪನ್ ಸೈಟ್‌ನಲ್ಲಿ ಕಣ್ಣು ಮೂರು ಕಡೆ ನೋಡಬೇಕು, ಹಿಂದಿನ ಕಚ್ಚು, ಮುಂದಿನ ಕಡ್ಡಿ, ಟಾರ್ಗೆಟ್. ಪೀಪ್‌ನಲ್ಲಿ ಹಿಂದಿನ ಸಣ್ಣ ತೂತಿನಲ್ಲಿ ನೋಡಿದರೆ ಕಣ್ಣು ತಾನೇ ನಡು ಹುಡುಕುತ್ತದೆ, ನೀವು ಮುಂದಿನ ರಿಂಗ್ ಒಳಗೆ ಕಪ್ಪು ವೃತ್ತ ಕೂರಿಸಿದರೆ ಸಾಕು. ಎರಡು ಸೈಟ್ ನಡುವಿನ ಉದ್ದ 80 ಸೆಂ.ಮೀ. ಇದ್ದು, ಜೋಡಣೆಯಲ್ಲಿ 0.1 ಮಿ.ಮೀ. ತಪ್ಪಿದರೆ 10 ಮೀಟರ್‌ನಲ್ಲಿ 1.25 ಮಿ.ಮೀ. ಆಚೆ ಬೀಳುತ್ತದೆ. ಅರ್ಧ ಅಂಕ! ಕೂದಲೆಳೆಯಷ್ಟು ತಪ್ಪಿಗೆ ಇಷ್ಟು ದಂಡ.

ಪೀಪ್ ಹಾಕಿದ ಮೇಲೆ ಬಹಳ ಜನ ಮುಂದಿನ ರಿಂಗ್ ಚಿಕ್ಕದು ಆರಿಸುತ್ತಾರೆ, ಬಿಗಿಯಾಗಿದ್ದರೆ ಗುರಿ ಬಿಗಿ ಅಂತ. ಆಗೋದು ತಿರುಗುಮುರುಗು. ಕಪ್ಪಿನ ಸುತ್ತ ಬಿಳಿ ಪಟ್ಟಿ ಸ್ಪಷ್ಟವಾಗಿ ಕಾಣದಿದ್ದರೆ ಕಣ್ಣು ಅನುಮಾನಿಸುತ್ತದೆ, ಬೆರಳು ತಡಮಾಡುತ್ತದೆ, ಉಸಿರು ಮುಗಿಯುತ್ತದೆ. ಒಂದು ಸೈಜ್ ದೊಡ್ಡ ರಿಂಗ್ ಹಾಕಿ ನೋಡಿ, ಖರ್ಚು ಏನೂ ಇಲ್ಲ. ಇನ್ನೊಂದು ಕಣ್ಣು ಮುಚ್ಚುವ ಬದಲು ಅದರ ಮುಂದೆ ಸಣ್ಣ ಬಿಳಿ ಮರೆ ಇಟ್ಟರೆ ಕಣ್ಣಿಗೆ ಆಯಾಸ ಕಡಿಮೆ. ನಲವತ್ತು ದಾಟಿದವರು ಕನ್ನಡಕದ ಅಂಗಡಿಯಲ್ಲಿ "ಮುಂದಿನ ಸೈಟ್ ಇಷ್ಟು ದೂರದಲ್ಲಿದೆ, ಅದು ಸ್ಪಷ್ಟ ಕಾಣಬೇಕು" ಅಂತ ಅಳತೆ ಹೇಳಿ ಲೆನ್ಸ್ ಮಾಡಿಸಿಕೊಳ್ಳಿ.

ಸ್ಕೋಪ್? 10 ಮೀಟರ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಸುಮ್ನೆ ಖುಷಿಗೆ ಹೊಡೆಯುವವರು ಹಾಕಿಕೊಳ್ಳಬಹುದು, ಆದರೆ ಬಂದೂಕಿಗೆ ಮಾಡಿದ ಮಾಮೂಲಿ ಸ್ಕೋಪ್ 100 ಗಜಕ್ಕೆ ಹೊಂದಿಸಿರುತ್ತದೆ, 10 ಮೀಟರ್‌ನಲ್ಲಿ ಮಸುಕು. ಹತ್ತಿರಕ್ಕೆ ಫೋಕಸ್ ಆಗುವುದೇ ಬೇಕು. ಸ್ಪ್ರಿಂಗ್ ರೈಫಲ್‌ಗಾದರೆ ಏರ್ ಗನ್‌ಗೆಂದೇ ಮಾಡಿದ ಸ್ಕೋಪ್ ಬೇಕು, ಆ ಎರಡು ದಿಕ್ಕಿನ ಏಟಿಗೆ ಬೇರೆಯವು ಹಾಳಾಗುತ್ತವೆ.

ಜಾಕೆಟ್, ಸ್ಟಾಕ್, ಟ್ರಿಗರ್

ಕೈ 20 ಮಿ.ಮೀ. ಚದುರಿಸುವ ಹಂತದಲ್ಲಿ ಶೂಟಿಂಗ್ ಜಾಕೆಟ್ ಮತ್ತು ಪ್ಯಾಂಟ್ ಕೊಡುವ ಲಾಭವನ್ನು ಯಾವ ರೈಫಲೂ ಕೊಡಲ್ಲ. ನಾಲ್ಕೂವರೆ ಐದು ಕಿಲೋ ರೈಫಲನ್ನು ಗಂಟೆಗೂ ಮೀರಿ ಎತ್ತಿ ಇಳಿಸುವಾಗ ಸೊಂಟಕ್ಕೆ, ಬೆನ್ನಿಗೆ ಆಧಾರ ಬೇಕು. ನಿಯಮದಲ್ಲಿ ಬಟ್ಟೆಯ ದಪ್ಪ ಒಂದು ಪದರಕ್ಕೆ 2.5 ಮಿ.ಮೀ. ಮೀರುವ ಹಾಗಿಲ್ಲ, ಬಿರುಸನ್ನೂ ಅಳೆಯುತ್ತಾರೆ. ಸೆಕೆಂಡ್ ಹ್ಯಾಂಡ್ ತಗೊಂಡರೆ ಹಳೆಯ ಜಾಕೆಟ್ ಮೆತ್ತಗಾಗಿರುತ್ತದೆ, ಸಾಲದು ಅಂತಾರೆ. ಬೆಳೆಯುವ ಮಕ್ಕಳಿಗೆ ಅಷ್ಟೇ ಸಾಕು. ಹನ್ನೆರಡು ವರ್ಷದ ಹುಡುಗನಿಗೆ ಅಳತೆ ಕೊಟ್ಟು ಹೊಲಿಸಿದ ಜಾಕೆಟ್ ಮುಂದಿನ ಮಳೆಗಾಲಕ್ಕೆ ಗಿಡ್ಡವಾಗುತ್ತದೆ, ಅಲ್ವಾ?

ಸ್ಟಾಕ್ ವಿಷಯ ಇನ್ನೂ ಸರಳ. ತಲೆ ಬಗ್ಗಿಸದೆ ಕೆನ್ನೆ ಇಟ್ಟ ತಕ್ಷಣ ಕಣ್ಣು ಸೈಟ್ ನೇರಕ್ಕೆ ಬರಬೇಕು. ಕ್ಲಬ್ಬಿನ ರೈಫಲ್ ಆದರೂ ಕೆನ್ನೆಪಟ್ಟಿ, ಹೆಗಲಿಗೆ ತಾಗುವ ಬಟ್ ಪ್ಲೇಟ್ ಹೊಂದಿಸಿ, ನಿಮ್ಮ ಅಂಕಿ ಟೇಪ್ ಮೇಲೆ ಬರೆದಿಟ್ಟುಕೊಂಡು ಪ್ರತಿಸಲ ಅಲ್ಲಿಗೇ ತನ್ನಿ. ಮೊದಲ ಪ್ಯಾರಾದ ಆ ಮಗಳ ಸ್ಕೋರ್ ನಿಂತಿದ್ದರೆ ನಾನು ಮೊದಲು ನೋಡೋದು ಇದನ್ನೇ. ಬೆಳಗ್ಗೆ ಒಬ್ಬರು ಹೊಂದಿಸಿದ ರೈಫಲ್‌ನಲ್ಲಿ ಸಂಜೆ ಇನ್ನೊಬ್ಬರು ಹೊಡೆಯುತ್ತಿರುತ್ತಾರೆ.

ಟ್ರಿಗರ್ ಮ್ಯಾಚ್ ರೈಫಲ್‌ನಲ್ಲಿ ನೂರು ಗ್ರಾಂ ಆಸುಪಾಸು, ಮಾಮೂಲಿ ಸ್ಪ್ರಿಂಗ್ ರೈಫಲ್‌ನಲ್ಲಿ ಕಿಲೋ ಮೀರಿರುತ್ತದೆ. ಅದನ್ನು ಮನೆಯಲ್ಲಿ ಅರೆದು ಹಗುರ ಮಾಡೋಕೆ ಹೋಗಬೇಡಿ. ತಾನಾಗೇ ಹಾರುವ ಟ್ರಿಗರ್ ಯಾರಿಗೂ ಬೇಡ.

ರೈಫಲ್ಲೇ ಬೇಕು ಅಂದರೆ

ಮೂರು ದಾರಿ. ಮೊದಲನೆಯದು ಮಾಮೂಲಿ ಸ್ಪ್ರಿಂಗ್ ರೈಫಲ್, ನಮ್ಮಲ್ಲೇ ತಯಾರಾಗುವ ಪ್ರೆಸಿಹೋಲ್ ಥರದವು. ಪಂಪ್ ಬೇಡ, ಸಿಲಿಂಡರ್ ಬೇಡ, ಎಲ್ಲಿ ಬೇಕಾದರೂ ರಿಪೇರಿ. ವಾರಾಂತ್ಯದ ಖುಷಿಗೆ ಇದು ಧಾರಾಳ. ಓಪನ್ ಸೈಟ್ ಸ್ಪರ್ಧೆಗೆ ಶುರು ಮಾಡೋಕೂ ಆಗುತ್ತದೆ.

ಎರಡನೆಯದು, ಇದನ್ನು ಜನ ಮರೆತೇ ಬಿಟ್ಟಿದ್ದಾರೆ, ಹಳೆಯ ಮ್ಯಾಚ್ ಸ್ಪ್ರಿಂಗ್ ರೈಫಲ್. ಫೈನ್‌ವೆರ್ಕ್‌ಬಾವ್ 300 ಎಸ್ ನೋಡಿ. ಹೊಡೆದಾಗ ಅದರ ಇಡೀ ಯಂತ್ರಭಾಗ ಸ್ಟಾಕ್ ಮೇಲೆ ಹಳಿಯಲ್ಲಿ ಹಿಂದೆ ಜಾರುತ್ತದೆ, ಹೆಗಲಿಗೆ ಏಟೇ ತಾಗಲ್ಲ. ಡಯಾನಾ 75ರಲ್ಲಿ ಇನ್ನೊಂದು ಜಾಣತನ: ಎರಡು ಪಿಸ್ಟನ್ ಎದುರುಬದುರು ದಿಕ್ಕಿಗೆ ಓಡಿ ಒಂದರ ಏಟನ್ನು ಇನ್ನೊಂದು ತಿಂದುಹಾಕುತ್ತದೆ. ಒಳ್ಳೆ ಸ್ಥಿತಿಯದು ಸಿಕ್ಕಿದರೆ 10 ಮೀಟರ್‌ನಲ್ಲಿ ಇವತ್ತಿಗೂ ಇವುಗಳ ಗುಂಪು ನೋಡಿ ಹೊಸ ರೈಫಲ್‌ನವರು ಸುಮ್ಮನಾಗುತ್ತಾರೆ. ತೊಂದರೆ ಏನಪ್ಪಾ ಅಂದರೆ ವಯಸ್ಸು. ಸೀಲ್, ಸ್ಪ್ರಿಂಗ್ ಸಿಗುತ್ತಾ, ಹಾಕಿಕೊಡುವವರಿದ್ದಾರಾ, ಕೇಳಿಕೊಂಡೇ ದುಡ್ಡು ಕೊಡಿ. ಮತ್ತೆ ಪ್ರತಿ ಹೊಡೆತಕ್ಕೂ ಪಕ್ಕದ ಲಿವರ್ ಎಳೆಯಬೇಕು, ಚಿಕ್ಕ ಮಕ್ಕಳಿಗೆ 60 ಹೊಡೆತ ಮುಗಿಯೋದರೊಳಗೆ ಭುಜ ಸೋಲುತ್ತದೆ.

ಮೂರನೆಯದು ಪಿಸಿಪಿ, ಅಂದರೆ ಮೊದಲೇ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಟ್ಟ ಸಿಲಿಂಡರ್ ಇರುವುದು. ಈಗಿನ ಸ್ಪರ್ಧೆಯಲ್ಲಿ ಮುಂದಿರುವವರೆಲ್ಲ ಇದರಲ್ಲೇ ಹೊಡೆಯೋದು. ಏಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಗಾಳಿಯ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಇರುವುದರಿಂದ ವೇಗ ಒಂದೇ ಸಮ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಬೇರೆಯೇ, ಮ್ಯಾಚ್ ಪಿಸಿಪಿಗಳಲ್ಲಿ ಪೆಲೆಟ್ ಇಲ್ಲದೆ, ಗಾಳಿ ಖರ್ಚಾಗದೆ ಟ್ರಿಗರ್ ಅಭ್ಯಾಸ ಮಾಡುವ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಖಾಲಿ ಹೊಡೆದರೆ ಪಿಸ್ಟನ್ ಹಾಳು. ಮುಂಬೈ ಫ್ಲ್ಯಾಟ್‌ನಲ್ಲಿ 10 ಮೀಟರ್ ಎಲ್ಲಿಂದ ಬರಬೇಕು? 5 ಮೀಟರ್ ಸಿಕ್ಕರೆ ಟಾರ್ಗೆಟ್‌ನ 30.5 ಮಿ.ಮೀ. ಕಪ್ಪನ್ನು ಅರ್ಧಕ್ಕೆ, 15.25 ಮಿ.ಮೀ.ಗೆ ಇಳಿಸಿ ಗೋಡೆಗೆ ಅಂಟಿಸಿ, ದಿನಾ ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ. ಶಬ್ದವಿಲ್ಲ, ಸೊಸೈಟಿಯವರ ದೂರಿಲ್ಲ. ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಅಷ್ಟೆ.

ಪಿಸಿಪಿಯ ತಲೆನೋವು ಗಾಳಿ ತುಂಬೋದು. ಕೈಪಂಪ್ ಅಗ್ಗ, ಆದರೆ ಜುಲೈನ ಮುಂಬೈ, ವಾಸ್ಕೋ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂತ ಗೊತ್ತಲ್ಲ. ಆ ಗಾಳಿಯನ್ನು ಒತ್ತಿದರೆ ನೀರು ಸಿಲಿಂಡರ್ ಒಳಗೇ ಕೂರುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಕೈಪಂಪ್ ಕರಾವಳಿಯಲ್ಲಿ ಬೇಡವೇ ಬೇಡ. ಕ್ಲಬ್ಬಿನಲ್ಲಿ ಒಣಗಾಳಿಯ ದೊಡ್ಡ ಸಿಲಿಂಡರ್ ಇದ್ದರೆ ಅದರಿಂದಲೇ ತುಂಬಿಸಿ. ಪುಣೆಯಲ್ಲಿ ಬೇಸಿಗೆಗೆ ಅಷ್ಟು ಚಿಂತೆ ಇಲ್ಲ, ಮಳೆಗಾಲಕ್ಕೆ ಇದೆ. ಹಾಗೇ ಪಿಸಿಪಿಯ ಗಾಳಿ ಹಾದಿಗೆ ಮಾಮೂಲಿ ಮೆಷಿನ್ ಆಯಿಲ್ ಬಿಡಬೇಡಿ, ಅಷ್ಟು ಒತ್ತಡದಲ್ಲಿ ಅದು ಹೊತ್ತಿಕೊಳ್ಳಬಹುದು. ಸಿಲಿಕೋನ್ ಗ್ರೀಸ್ ಮಾತ್ರ. ಮಳೆಗಾಲದಲ್ಲಿ ರೈಫಲನ್ನು ಸ್ಪಾಂಜಿನ ಪೆಟ್ಟಿಗೆಯಲ್ಲೇ ವಾರಗಟ್ಟಲೆ ಬಿಟ್ಟರೆ ತುಕ್ಕು ಖಂಡಿತ, ಮರದ ಸ್ಟಾಕ್ ಉಬ್ಬಿ ಗುರಿಯೂ ಸರಿಯಬಹುದು. ಕೊಂಕಣ ಕಡೆಯವರಿಗೆ ಅಲ್ಯೂಮಿನಿಯಂ ಸ್ಟಾಕ್ ಇದ್ದರೆ ಒಂದು ತಲೆನೋವು ಕಡಿಮೆ.

ಯಾರಿಗೆ ಯಾವುದು

ಈಗಷ್ಟೇ ಸೇರಿದ ಮಕ್ಕಳಿಗೆ ಕ್ಲಬ್ಬಿನ ರೈಫಲ್, ಸೆಕೆಂಡ್ ಹ್ಯಾಂಡ್ ಜಾಕೆಟ್, ಸರಿಯಾದ ಮುಂದಿನ ರಿಂಗ್, ಮುಗೀತು. ಕೋಚಿಂಗ್‌ಗೆ ಉಳಿದ ದುಡ್ಡು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ನ್ಯೂ ಪನ್ವೇಲ್‌ನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ನಡೆಸುತ್ತಾರೆ, 2004ರಲ್ಲಿ ಕೌಲಾಲಂಪುರದಲ್ಲಿ 400ಕ್ಕೆ 400 ಹೊಡೆದವರು. ನವಿ ಮುಂಬೈ ಕಡೆಯವರಿಗೆ ಅದು ದೂರವಲ್ಲ.

ಕೂತು ಹೊಡೆದ ಗುಂಪಿಗೂ ನಿಂತು ಹೊಡೆದ ಗುಂಪಿಗೂ ವ್ಯತ್ಯಾಸ ಕಡಿಮೆಯಾಗುತ್ತಾ ಬಂದವರು ಪೆಲೆಟ್ ಪರೀಕ್ಷೆಗೆ ಇಳಿಯಿರಿ, ಆಮೇಲೆ ಸ್ವಂತ ಪಿಸಿಪಿ. ಖುಷಿಗೆ ಹೊಡೆಯುವವರಿಗೆ ಸ್ಪ್ರಿಂಗ್ ರೈಫಲ್ ಮತ್ತು ಒಳ್ಳೆ ಪೆಲೆಟ್.

ಹಳೆಯ ಪಿಸಿಪಿ ಕೊಳ್ಳುವವರಿಗೆ ಒಂದು ಮಾತು. ಸಿಲಿಂಡರ್ ಮೇಲೆ ತಾರೀಕು ಇರುತ್ತದೆ. ಜರ್ಮನ್ ಕಂಪನಿಗಳು ಸಾಮಾನ್ಯವಾಗಿ 10 ವರ್ಷ ಅಂತ ಹೇಳುತ್ತವೆ, ಅವಧಿ ಮುಗಿದದ್ದನ್ನು ಸ್ಪರ್ಧೆಗೂ ತರುವ ಹಾಗಿಲ್ಲ, ಮೈಮೇಲೆ ಇಟ್ಟುಕೊಳ್ಳೋದೂ ಅಪಾಯ. ಹೊಸ ಸಿಲಿಂಡರ್‌ನ ಬೆಲೆಯನ್ನು ಮಾರುವವರ ರೇಟಿನಿಂದ ಕಳೆದು ಮಾತಾಡಿ. ನಿಮ್ಮದೇ ಪೆಲೆಟ್ ತಗೊಂಡು ಹೋಗಿ, ವೈಸ್‌ನಲ್ಲಿ ಬಿಗಿದು ಹತ್ತು ಹೊಡೆಯಿರಿ, ಅಲ್ಲೇ ಕ್ಯಾಲಿಪರ್ ಹಿಡಿದು ಅಳೆಯಿರಿ. "ಅದೆಲ್ಲ ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ" ಅಂದರೆ ಚಹಾ ಕುಡಿದು ಎದ್ದು ಬನ್ನಿ.